‘ಪಟ್ಟಿ’ ಅಂದರೆ ನಾಯಿಯೇ, ಲಿಸ್ಟೇ?

ಪ್ರಶ್ನೆ: ಕಾಸರಗೋಡಿನ ದ್ವಿಭಾಷಾ ನೋಟಿಸಿಗೆ ‘ಫಲಾನುಭವಿಗಳ ಪಟ್ಟಿ’ ಎಂದು ಬರೆಯಬೇಕು. ಮಲಯಾಳದಲ್ಲೂ ‘ಪಟ್ಟಿ’ ಎಂದೇ ಹಾಕಬಹುದಾ? ಎರಡಕ್ಕೂ ಮೂಲ ಒಂದೇನಾ?

ಉತ್ತರ 1: ಖಂಡಿತ ಬೇಡ! ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ. ಉಚ್ಚಾರವೂ ನಮ್ಮದರಂತೆಯೇ, ಹಾಗಾಗಿ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಅಲ್ಲಿ ‘ಪಟ್ಟಿಕ’ ಅನ್ನಿ. ಬರೆಯುವಾಗ ‘ಕ’, ಮಾತಿನಲ್ಲಿ ಹೆಚ್ಚುಕಡಿಮೆ ‘ಗ’ ಕೇಳಿಸುತ್ತದೆ. ಕಿವಿಗೆ ಬಿದ್ದಂತೆ ‘ಪಟ್ಟಿಗ’ ಎಂದು ಬರೆದರೆ ತಪ್ಪು. ಮಾಡಿನ ಹಂಚು ಕೂರಿಸುವ ಮರದ ಪಟ್ಟಿಗೂ ಅಲ್ಲಿ ಪಟ್ಟಿಕ ಎಂದೇ ಹೆಸರು.

ಉತ್ತರ 2: ಮೂಲ ಒಂದೇ ಅಲ್ಲ. ಲಿಸ್ಟಿನ ಪಟ್ಟಿ ಸಂಸ್ಕೃತದ ಪಟ್ಟ, ಪಟ್ಟಿಕಾ ಕಡೆಯದು: ಬಟ್ಟೆಯ ಉದ್ದ ತುಂಡು, ಬರೆಯುವ ಫಲಕ. ಹಿಂದಿಯಲ್ಲಿ ಗಾಯಕ್ಕೆ ಕಟ್ಟುವುದೂ ಪಟ್ಟಿ. ಮರಾಠಿಯಲ್ಲಿ ಕರ: ‘ಘರಪಟ್ಟಿ’ ಮನೆ ತೆರಿಗೆ, ‘ಪಾಣಿಪಟ್ಟಿ’ ನೀರಿನದು.

ತಮಿಳಿನ ಪಟ್ಟಿ ಬೇರೆಯೇ, ದ್ರಾವಿಡ ಪದ. ದನ ಕೂಡುವ ದೊಡ್ಡಿ, ಆಮೇಲೆ ಹಳ್ಳಿ. ಕೋವಿಲ್‌ಪಟ್ಟಿ, ಉಸಿಲಂಪಟ್ಟಿ ನೋಡಿ. ಹಾಲಿಗೆ ‘ಪಾಲ್’ ಇದ್ದ ಹಾಗೆ, ನಮ್ಮಲ್ಲಿ ಪಕಾರ ಹಕಾರವಾಗಿ ಅದೇ ‘ಹಟ್ಟಿ’ ಆಯಿತು. ನೀವು ದಿನಾ ಸೆಗಣಿ ಬಾಚುವ ಹಟ್ಟಿಯೇ ಅದು!

ಉತ್ತರ 3: ಅಣ್ಣ ಹೇಳಿದ್ದು ಸರಿ, ಆದರೆ ಪಕಾರದ ಸೂತ್ರವನ್ನು ಅರ್ಥಕ್ಕೂ ಹಚ್ಚಬೇಡಿ. ಮಲಯಾಳದ ‘ಪುಲಿ’ ನಮ್ಮ ಹುಲಿಯಲ್ಲ, ಚಿರತೆ. ಹುಲಿಗೆ ‘ಕಡುವ’. ಅರಣ್ಯದ ಎಚ್ಚರಿಕೆ ಫಲಕ ಅನುವಾದಿಸುವಾಗ ಎಡವುವುದು ಇಲ್ಲೇ.

ಪ್ರಶ್ನೆ ಕೇಳಿದವರು: ‘ಪಟ್ಟಿಕ’ ಎಂದೇ ಹಾಕುತ್ತೇನೆ. ಉಪಕಾರ ಆಯ್ತು.