ವ್ಯಾಯಾಮ ಮತ್ತು ಅಂಗವೈಕಲ್ಯ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಎಲ್ಲರಿಗೂ ನಮಸ್ಕಾರ. ನಾನು ಎಕ್ಸರ್‌ಸೈಜ್ ಫಿಸಿಯಾಲಜಿಸ್ಟ್. ವ್ಯಾಯಾಮ ಮಾಡುವಾಗ ಹೃದಯ, ಉಸಿರು, ಸ್ನಾಯು ಹೇಗೆ ನಡೆದುಕೊಳ್ಳುತ್ತವೆ ಅಂತ ನೋಡಿ, ಅವರವರ ದೇಹಕ್ಕೆ ಹೊಂದುವ ವ್ಯಾಯಾಮ ಹೇಳಿಕೊಡುವುದು ನನ್ನ ಕೆಲಸ. ಅಂಗವೈಕಲ್ಯ ಇರುವವರು, ಅವರ ಮನೆಯವರು, ಯಾರು ಬೇಕಾದರೂ ಕೇಳಬಹುದು. ಏನು ತೊಂದರೆ, ಯಾವ ಮಾತ್ರೆ, ದಿನದಲ್ಲಿ ಯಾವ ಕೆಲಸ ಕಷ್ಟ, ಇಷ್ಟು ಬರೆದರೆ ಸಾಕು. ನಿಮ್ಮನ್ನು ನೋಡದೆ ಹೇಳುತ್ತಿದ್ದೇನೆ, ಅದಕ್ಕೆ ನಿಮ್ಮ ಡಾಕ್ಟರಿಗೂ ಒಂದು ಮಾತು ಕೇಳಿಕೊಳ್ಳಿ.

ಪ್ರಶ್ನೆ: ಮೇಡಂ, ಬೆನ್ನುಹುರಿಗೆ ಪೆಟ್ಟಾಗಿ ವೀಲ್‌ಚೇರ್ ಬಳಸುತ್ತಿದ್ದೇನೆ. ಕುತ್ತಿಗೆ ಮಟ್ಟದ ಗಾಯ, ಸಿ6, ಪೂರ್ತಿ. ವಯಸ್ಸು 34. ಕೈಯಲ್ಲಿ ತುಳಿಯುವ ಸೈಕಲ್ ಮೇಲೆ ಎಷ್ಟೇ ಒದ್ದಾಡಿದರೂ ವಾಚ್‌ನಲ್ಲಿ ಹಾರ್ಟ್ ರೇಟ್ 115 ದಾಟುವುದೇ ಇಲ್ಲ. 220ರಲ್ಲಿ ವಯಸ್ಸು ಕಳೆದು ಅದರ 70 ಪರ್ಸೆಂಟ್ ಬರಲೇಬೇಕು, ಅಂದರೆ 130 ಅಂತ ಜಿಮ್‌ನವರು ಹೇಳುತ್ತಾರೆ. ನಾನು ಸೋಮಾರಿತನ ಮಾಡುತ್ತಿದ್ದೇನಾ?

ಉತ್ತರ: ಸೋಮಾರಿತನವೂ ಇಲ್ಲ, ಏನೂ ಇಲ್ಲ. ಆ ಲೆಕ್ಕ ನಿಮಗೆ ಹೊಂದುವುದೇ ಇಲ್ಲ, ಅಷ್ಟೇ.

ಹೃದಯದ ಬಡಿತ ಜೋರು ಮಾಡುವ ನರಗಳು ಎದೆಯ ಮಟ್ಟದಲ್ಲಿ, ಟಿ1ರಿಂದ ಟಿ4ರ ಆಸುಪಾಸಿನಲ್ಲಿ, ಬೆನ್ನುಹುರಿಯಿಂದ ಹೊರಡುತ್ತವೆ (ಸಿ ಅಂದರೆ ಕುತ್ತಿಗೆ ಭಾಗ, ಟಿ ಅಂದರೆ ಅದರ ಕೆಳಗಿನ ಎದೆ ಭಾಗ, ಸಂಖ್ಯೆ ಮೇಲಿನಿಂದ ಕೆಳಕ್ಕೆ ಎಣಿಕೆ). ಗಾಯ ಅದಕ್ಕಿಂತ ಮೇಲಿದ್ದರೆ ಮೆದುಳು ಕಳಿಸುವ ಸಂದೇಶ ಆ ನರಗಳ ತನಕ ಬರುವುದೇ ಇಲ್ಲ. ಬಡಿತ ನಿಧಾನ ಮಾಡುವ ವೇಗಸ್ ನರ ಮಾತ್ರ ಬೇರೆ ದಾರಿಯಲ್ಲಿ ಬರುತ್ತದೆ, ಅದಕ್ಕೆ ಪೆಟ್ಟಾಗಿರುವುದಿಲ್ಲ. ವ್ಯಾಯಾಮ ಶುರುವಾದಾಗ ಅದು ಹಿಡಿತ ಸಡಿಲ ಮಾಡುತ್ತದೆ, ಅದರಿಂದ ಎಷ್ಟು ಏರಬಹುದೋ ಅಷ್ಟೇ ಏರುತ್ತದೆ. ನಿಮ್ಮಂಥ ಗಾಯದಲ್ಲಿ ಸಾಮಾನ್ಯವಾಗಿ 110ರಿಂದ 130ರೊಳಗೆ ನಿಂತುಬಿಡುತ್ತದೆ. 115 ಬರುತ್ತಿದೆ ಅಂದರೆ ನೀವು ಆಗಲೇ ಬೇಕಾದಷ್ಟು ಶ್ರಮ ಹಾಕುತ್ತಿದ್ದೀರಿ. ಆ ವಾಚ್ ಬಿಚ್ಚಿಡಿ.

ಅದರ ಬದಲು 0ರಿಂದ 10ರ ಲೆಕ್ಕ ಇಟ್ಟುಕೊಳ್ಳಿ. 0 ಅಂದರೆ ಸುಮ್ನೆ ಕೂತಿದ್ದೀರಿ, 10 ಅಂದರೆ ಇನ್ನು ಒಂದು ಸುತ್ತೂ ಆಗುವುದಿಲ್ಲ. 5ರಿಂದ 6ರಲ್ಲಿ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಬೆನ್ನುಹುರಿ ಗಾಯದವರಿಗೆ ಅಂತಲೇ 2018ರಲ್ಲಿ ಬಂದ ಅಂತರರಾಷ್ಟ್ರೀಯ ಸಲಹೆ ಪ್ರಕಾರ ವಾರಕ್ಕೆ 2 ಸಲ, ಸಲಕ್ಕೆ 20 ನಿಮಿಷ ಈ ಮಟ್ಟದಲ್ಲೋ ಇನ್ನೂ ಸ್ವಲ್ಪ ಜೋರಾಗಿಯೋ ಮಾಡಿದರೆ ತ್ರಾಣಕ್ಕೆ ಸಾಕು. ಜೊತೆಗೆ ವಾರಕ್ಕೆ 2 ಸಲ, ಕೆಲಸ ಮಾಡುವ ದೊಡ್ಡ ಸ್ನಾಯುಗಳಿಗೆಲ್ಲ ಬಲ ಹೆಚ್ಚಿಸುವ ವ್ಯಾಯಾಮ, ಮೂರು ಮೂರು ಸೆಟ್. ಹೃದಯ ಮತ್ತು ಶುಗರ್ ದೃಷ್ಟಿಯಿಂದ ಆದರೆ 30 ನಿಮಿಷ, ವಾರಕ್ಕೆ 3 ಸಲ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಗಾಯ ಟಿ6 ಅಥವಾ ಅದಕ್ಕಿಂತ ಮೇಲಿದ್ದರೆ ಆಟೊನೊಮಿಕ್ ಡಿಸ್‌ರಿಫ್ಲೆಕ್ಸಿಯಾ ಅನ್ನುವ ಅಪಾಯ ಇರುತ್ತದೆ. ಮೂತ್ರಚೀಲ ತುಂಬಿದ್ದು, ಮಲಬದ್ಧತೆ, ಕಾಲಿಗೆ ಕಟ್ಟಿದ ಪಟ್ಟಿ ಬಿಗಿಯಾದದ್ದು, ಕಾಲುಗುರು ಒಳಗೆ ಬೆಳೆದದ್ದು, ಇಂಥ ಏನೇ ಆದರೂ ನಿಮಗೆ ನೋವು ಗೊತ್ತಾಗುವುದಿಲ್ಲ, ಆದರೆ ದೇಹ ಸುಮ್ಮನಿರುವುದಿಲ್ಲ, ಬಿಪಿ ಒಂದೇ ಸಲ ಮೇಲಕ್ಕೆ ಹಾರುತ್ತದೆ. ತಲೆ ಸಿಡಿಯುವ ನೋವು, ಮುಖ ಕೆಂಪಗಾಗುವುದು, ಗಾಯದ ಮಟ್ಟಕ್ಕಿಂತ ಮೇಲೆ ಬೆವರುವುದು ಇದರ ಗುರುತು. ಆಗ ಮಲಗಬೇಡಿ. ನೆಟ್ಟಗೆ ಕೂರಿ, ಬೆಲ್ಟು ಪಟ್ಟಿ ಎಲ್ಲ ಸಡಿಲ ಮಾಡಿ, ಮೂತ್ರ ಹೋಗುವ ಕ್ಯಾತಿಟರ್ ಪೈಪ್ ಎಲ್ಲಾದರೂ ಮಡಚಿದೆಯಾ ನೋಡಿಸಿ. ಕಾರಣ ಸಿಕ್ಕದಿದ್ದರೆ, ಅಥವಾ ಸಿಕ್ಕಿದ ಮೇಲೂ ಬಿಪಿ ಇಳಿಯದಿದ್ದರೆ ಕಾಯಬೇಡಿ, ನೇರ ಆಸ್ಪತ್ರೆಗೆ. ಪಾರ್ಶ್ವವಾಯು ಹೊಡೆಯುವಷ್ಟು ಏರಬಹುದು. ಕೆಲವು ಕ್ರೀಡಾಪಟುಗಳು ಇದನ್ನೇ ಬೇಕಂತಲೇ ತರಿಸಿಕೊಂಡು ಜೋರಾಗಿ ಓಡಿಸಲು ನೋಡಿದ್ದೂ ಇದೆ, ಪ್ಯಾರಾಲಿಂಪಿಕ್ಸ್‌ನಲ್ಲಿ ಅದಕ್ಕೆ ನಿಷೇಧ ಇದೆ. ಪದಕದ ಹುಚ್ಚು ಎಲ್ಲಿಗೆ ಕರೆದುಕೊಂಡು ಹೋಗುತ್ತದೆ ನೋಡಿ!

ಅದೇ ವ್ಯಕ್ತಿ: ಇಷ್ಟು ಯಾರೂ ಬಿಡಿಸಿ ಹೇಳಿರಲಿಲ್ಲ ಮೇಡಂ. ಆದರೆ ನನ್ನ ಬಿಪಿ ಯಾವಾಗಲೂ 95/60 ಇರುತ್ತದೆ. ಎಷ್ಟಾದರೆ ಜಾಸ್ತಿ ಅಂತ ತಿಳಿಯಬೇಕು?

ಉತ್ತರ: ಒಳ್ಳೆಯ ಪ್ರಶ್ನೆ. ಮೇಲಿನ ಸಂಖ್ಯೆ ನಿಮ್ಮ ಮಾಮೂಲಿಗಿಂತ 20ರಿಂದ 40 ಏರಿದರೆ ಅನುಮಾನಪಡಬೇಕು. ಅಂದರೆ ಸುಮ್ನೆ ಕೂತಾಗ 130 ಬಂದರೆ ಬೇರೆಯವರಿಗೆ ಅದು ನಾರ್ಮಲ್, ನಿಮಗೆ ಅಲ್ಲ. ನಿಮ್ಮ ಮಾಮೂಲಿ ಬಿಪಿ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದು ವೀಲ್‌ಚೇರಿನ ಚೀಲದಲ್ಲಿ ಇಟ್ಟಿರಿ, ಗಡಿಬಿಡಿಯಲ್ಲಿ ನೋಡುವ ಡಾಕ್ಟರಿಗೆ ಅದು ಬೇಕಾಗುತ್ತದೆ. ವ್ಯಾಯಾಮಕ್ಕೆ ಕೂರುವ ಮೊದಲು ಮೂತ್ರಚೀಲ ಖಾಲಿ ಮಾಡಿ. ಗಾಯದ ಕೆಳಗೆ ಬೆವರು ಬರುವುದಿಲ್ಲ, ಮೈ ಬೇಗ ಕಾಯುತ್ತದೆ. ಅದಕ್ಕೆ ಫ್ಯಾನ್ ಹಾಕಿಕೊಳ್ಳಿ, ಮುಖಕ್ಕೂ ಕೈಗೂ ನೀರು ಚಿಮುಕಿಸುವ ಸ್ಪ್ರೇ ಬಾಟಲಿ ಪಕ್ಕದಲ್ಲೇ ಇರಲಿ.

ಪ್ರಶ್ನೆ: ನನಗೆ ಬೆನ್ನುಹುರಿ ಸರಿಯಿದೆ, ಸ್ಟ್ರೋಕ್ ಆಗಿ ಎಡಗೈ ಎಡಗಾಲು ಬಲ ಕಡಿಮೆ. ಆದರೆ ನನಗೂ ಹಾರ್ಟ್ ರೇಟ್ ಏರುವುದಿಲ್ಲವಲ್ಲ?

ಉತ್ತರ: ಬಿಪಿಗೆ ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ ನೋಡಿ. ಮೆಟೊಪ್ರೊಲಾಲ್, ಅಟೆನೊಲಾಲ್ ಥರ ಹೆಸರಿನ ಕೊನೆಯಲ್ಲಿ ‘ಲಾಲ್’ ಇದ್ದರೆ ಬಹುಮಟ್ಟಿಗೆ ಅದು ಬೀಟಾ ಬ್ಲಾಕರ್, ಹೃದಯದ ಬಡಿತ ತಗ್ಗಿಸುವುದೇ ಅದರ ಕೆಲಸ. ನಿಮಗೂ 0ರಿಂದ 10ರ ಲೆಕ್ಕವೇ. ಮಾತ್ರೆ ಮಾತ್ರ ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ. ಮತ್ತೆ ಭಾರ ಎತ್ತುವಾಗ ಉಸಿರು ಕಟ್ಟಬೇಡಿ, ಎತ್ತುವಾಗ ಬಾಯಲ್ಲಿ ಉಸಿರು ಬಿಡುತ್ತಾ ಎತ್ತಿ. ಹಿಡಿತ ಇಲ್ಲದ ಕೈಯನ್ನು ಅಗಲವಾದ ಬಟ್ಟೆ ಪಟ್ಟಿಯಿಂದ ಹಿಡಿಗೆ ಸುತ್ತಿದರೆ ಅದೂ ಇನ್ನೊಂದು ಕೈ ಜೊತೆ ಕೆಲಸ ಮಾಡುತ್ತದೆ.

ಪ್ರಶ್ನೆ: ಅಕ್ಕಾ, ನನ್ನ ಮಗನಿಗೆ 12 ವರ್ಷ, ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲಿನ ಮೇಲೆ ಹಿಡಿತ ಕಡಿಮೆ. ವಾಕರ್ ಹಿಡಿದು ನಡೆಯುತ್ತಾನೆ. ಕಾಲಿನ ಸ್ನಾಯು ತುಂಬಾ ಬಿಗಿ. ಭಾರದ ವ್ಯಾಯಾಮ ಮಾಡಿಸಿದರೆ ಬಿಗಿತ ಇನ್ನೂ ಜಾಸ್ತಿಯಾಗುತ್ತದೆ, ಬರೀ ಸ್ನಾಯು ಹಿಗ್ಗುವ ಹಾಗೆ ಕಾಲು ಎಳೆಯಿರಿ ಸಾಕು ಅಂತ ಎಲ್ಲರೂ ಹೇಳುತ್ತಾರೆ. ನಿಜವಾ?

ಉತ್ತರ: ಇದು ಹಳೆಯ ನಂಬಿಕೆ. ಒಂದು ಕಾಲದಲ್ಲಿ ಕಲಿಸುವವರೇ ಹಾಗೆ ಕಲಿಸುತ್ತಿದ್ದರು. ಆಮೇಲೆ ಅಳೆದು ನೋಡಿದಾಗ ಬಲ ಹೆಚ್ಚಿಸುವ ವ್ಯಾಯಾಮದಿಂದ ಬಿಗಿತ ಹೆಚ್ಚಾಗುವುದಿಲ್ಲ ಅಂತ ಗೊತ್ತಾಯಿತು. ಬಿಗಿಯಾಗಿರುವ ಸ್ನಾಯು ಬಲವಾಗಿದೆ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಅದು ಬಿಗಿಯೂ ಹೌದು, ದುರ್ಬಲವೂ ಹೌದು.

ಮನೆಯಲ್ಲೇ ಶುರು ಮಾಡಿ. ಸ್ಟೂಲಿನ ಮೇಲೆ ಕೂರಿಸಿ, ಪಾದ ಎರಡೂ ನೆಲಕ್ಕೆ ಪೂರ್ತಿ ತಾಗಿರಲಿ. ಮೂಗು ಮಂಡಿಗಿಂತ ಮುಂದೆ ಬರುವಷ್ಟು ಬಾಗಿ ಏಳಲಿ, ಆಮೇಲೆ ಧೊಪ್ ಅಂತ ಬೀಳದೆ ನಿಧಾನವಾಗಿ ಕೂರಲಿ. ಆ ನಿಧಾನವಾಗಿ ಕೂರುವುದರಲ್ಲೇ ಅರ್ಧ ಲಾಭ ಇದೆ. 8ರಿಂದ 10 ಸಲ ಸಲೀಸಾಗಿ ಆದರೆ ಸ್ಟೂಲಿನ ಎತ್ತರ ಒಂದಿಷ್ಟು ತಗ್ಗಿಸಿ. ಅದೂ ಸಲೀಸಾದ ಮೇಲೆ ಬೆನ್ನಿಗೆ ಚೀಲ ಹಾಕಿ ಒಂದು ಪುಸ್ತಕ ಇಡಿ. ವಾರಕ್ಕೆ ಎರಡು ಮೂರು ದಿನ, ನಡುವೆ ಒಂದು ದಿನ ಬಿಡುವು.

ಇನ್ನೊಂದು. ಇಂಥ ಮಕ್ಕಳಿಗೆ ಅಷ್ಟೇ ದೂರ ನಡೆಯಲು ಬೇರೆ ಮಕ್ಕಳಿಗಿಂತ ಎರಡು ಪಟ್ಟು, ಕೆಲವರಿಗೆ ಅದಕ್ಕೂ ಜಾಸ್ತಿ ಶಕ್ತಿ ಬೇಕಾಗುತ್ತದೆ. ಸ್ಕೂಲಿಂದ ಬಂದವನು ಬ್ಯಾಗ್ ಎಸೆದು ಮಲಗಿದರೆ ಆಲಸ್ಯ ಅಂತ ಬೈಯಬೇಡಿ. ವ್ಯಾಯಾಮಕ್ಕೆ ರಜಾದಿನದ ಬೆಳಗ್ಗೆ ಹೊತ್ತು ನೋಡಿಕೊಳ್ಳಿ.

ಪ್ರಶ್ನೆ: ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಹತ್ತು ನಿಮಿಷ ಟ್ರೆಡ್‌ಮಿಲ್ ಮೇಲೆ ನಡೆದರೆ ಕಣ್ಣು ಮಂಜಾಗುತ್ತದೆ, ಕಾಲು ಎಳೆಯುತ್ತದೆ. ಕಾಯಿಲೆ ಜಾಸ್ತಿಯಾಯಿತಾ ಅಂತ ಭಯವಾಗಿ ನಿಲ್ಲಿಸಿಬಿಟ್ಟೆ.

ಉತ್ತರ: ಭಯ ಆಗುವುದು ಸಹಜ. ಈ ಕಾಯಿಲೆಯಲ್ಲಿ ನರದ ಮೇಲಿನ ಕವಚ ಹಾಳಾಗಿರುತ್ತದೆ. ಮೈ ಬಿಸಿಯಾದಾಗ ಅಂಥ ನರದಲ್ಲಿ ಸಂದೇಶ ಸರಿಯಾಗಿ ಹರಿಯುವುದಿಲ್ಲ, ಅದಕ್ಕೆ ಹೀಗೆ. ಇದಕ್ಕೆ ಊಥಾಫ್ ಲಕ್ಷಣ ಅಂತ ಹೆಸರು, 1890ರಲ್ಲೇ ಒಬ್ಬ ಜರ್ಮನ್ ಕಣ್ಣಿನ ಡಾಕ್ಟರ್ ಇದನ್ನು ಬರೆದಿಟ್ಟಿದ್ದಾರೆ. ಮೈ ತಣ್ಣಗಾದ ಮೇಲೆ ಮೊದಲಿನ ಹಾಗೆ ಆದರೆ ನರಕ್ಕೆ ಹೊಸ ಹಾನಿ ಆಗಿಲ್ಲ ಅಂತ. ಒಂದು ದಿನ ಕಳೆದರೂ ಹೋಗದಿದ್ದರೆ ಮಾತ್ರ ನರರೋಗ ತಜ್ಞರಿಗೆ ಫೋನ್ ಮಾಡಿ. ಶುರು ಮಾಡುವ ಮೊದಲು ತಣ್ಣೀರು ಸ್ನಾನ, ಮಾಡುವಾಗ ಫ್ಯಾನ್ ಮತ್ತು ತಣ್ಣನೆ ನೀರು, ಹತ್ತು ನಿಮಿಷದ ಬದಲು ಮೂರು ಮೂರು ನಿಮಿಷ ನಡೆದು ನಡುವೆ ಕೂರುವುದು. ಕಣ್ಣು ಮಂಜಾದ ಕ್ಷಣ ಟ್ರೆಡ್‌ಮಿಲ್ ನಿಲ್ಲಿಸಿ, ಬಿದ್ದು ಮೂಳೆ ಮುರಿದುಕೊಂಡರೆ ಅದು ಬೇರೆ ಗೋಳು. ನನ್ನ ಕೇಳಿದರೆ ಕೂತು ತುಳಿಯುವ ಸೈಕಲ್ಲೇ ವಾಸಿ.

ಪ್ರಶ್ನೆ: ನಮ್ಮಣ್ಣನಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿತ್ತು. ಇಷ್ಟು ವರ್ಷ ಚೆನ್ನಾಗಿಯೇ ಓಡಾಡಿಕೊಂಡಿದ್ದ, ಈಗ 58, ಒಳ್ಳೆಯ ಕಾಲೇ ಸೋಲುತ್ತಿದೆ. ನೋವಾದರೂ ಬಿಡಬಾರದು, ಜೋರಾಗಿ ಮಾಡಿ ಅಂತ ಟ್ರೇನರ್ ಹೇಳಿದ್ದಾರೆ.

ಉತ್ತರ: ಆ ಸಲಹೆ ಕೇಳಬೇಡಿ ಅಂತ ನೇರವಾಗಿ ಹೇಳುತ್ತೇನೆ. ಪೋಲಿಯೋದಲ್ಲಿ ಕೆಲವು ನರಕೋಶ ಸತ್ತಾಗ ಉಳಿದವು ಹೊಸ ಕವಲು ಚಾಚಿ ಅನಾಥವಾದ ಸ್ನಾಯುವಿನ ಎಳೆಗಳನ್ನೂ ನೋಡಿಕೊಂಡವು. ರಜೆ ಹೋದ ಇಬ್ಬರ ಕೆಲಸವನ್ನೂ ವರ್ಷಗಟ್ಟಲೆ ಒಬ್ಬನೇ ಮಾಡಿದ ಹಾಗೆ. ಈಗ ಅವು ಸುಸ್ತಾಗಿವೆ. ಒಳ್ಳೆಯ ಕಾಲು ಅಂತ ನೀವು ಅಂದುಕೊಂಡಿದ್ದಕ್ಕೂ ಆಗ ಸ್ವಲ್ಪ ಪೆಟ್ಟು ಬಿದ್ದಿರುವ ಸಾಧ್ಯತೆ ಇದೆ.

ಹಾಗಂತ ಮೂಲೆಯಲ್ಲಿ ಕೂರಿಸಬೇಡಿ, ಅದೂ ಹಾಳು. ಮೊದಲು ನರರೋಗ ತಜ್ಞರಿಗೆ ತೋರಿಸಿ, ಏಕೆಂದರೆ ಥೈರಾಯ್ಡ್, ಬೆನ್ನುಮೂಳೆ ತೊಂದರೆಯಲ್ಲೂ ಹೀಗಾಗಬಹುದು. ಆಮೇಲೆ ಹಗುರವಾಗಿ ಶುರು. ಮಾರನೆಯ ದಿನ ಬೆಳಗ್ಗೆ ಹೇಗಿದ್ದಾರೆ ಅನ್ನುವುದೇ ಅಳತೆ. ಎದ್ದಾಗ ಮಾಮೂಲಿನ ಹಾಗೆ ಬಚ್ಚಲಿಗೆ ಹೋಗಿ ಬಂದರೆ ಅಷ್ಟು ವ್ಯಾಯಾಮ ಸರಿ. ಕಾಲು ಇನ್ನೂ ಸೋತೇ ಇದ್ದರೆ, ನೋವಿದ್ದರೆ, ಹಿಂದಿನ ದಿನ ಜಾಸ್ತಿಯಾಯಿತು, ಅರ್ಧಕ್ಕೆ ಇಳಿಸಿ. ಬೆಚ್ಚಗಿನ ನೀರಿನ ಕೊಳದಲ್ಲಿ ನಡೆಯುವುದು ಇವರಿಗೆ ತುಂಬಾ ಒಗ್ಗುತ್ತದೆ.

ಪ್ರಶ್ನೆ: ವೀಲ್‌ಚೇರ್ ತಳ್ಳಿ ತಳ್ಳಿ ಭುಜ ಹೋಗಿದೆ. ಭುಜಕ್ಕೆ ರೆಸ್ಟ್ ಕೊಡಿ ಅಂತಾರೆ. ಹೇಗೆ ಕೊಡಲಿ, ಅದೇ ನನ್ನ ಕಾಲು!

ಉತ್ತರ: ಹೌದಲ್ವಾ. ಬಾಯಲ್ಲಿ ಹೇಳುವುದು ಸುಲಭ. ತಳ್ಳುವ ರೀತಿಯಿಂದ ಶುರು ಮಾಡೋಣ. ಚಿಕ್ಕ ಚಿಕ್ಕದಾಗಿ ಪಟಪಟ ತಳ್ಳುವ ಬದಲು ರಿಮ್ಮನ್ನು ಸ್ವಲ್ಪ ಹಿಂದಿನಿಂದ ಹಿಡಿದು ಉದ್ದವಾಗಿ ಒಂದು ಸಲ ತಳ್ಳಿ, ಕೈ ಬಿಟ್ಟ ಮೇಲೆ ಅದನ್ನು ಕೆಳಗೆ ಇಳಿಬಿಟ್ಟು ಹಿಂದಕ್ಕೆ ತನ್ನಿ. ಎಷ್ಟು ಸಲ ತಳ್ಳುತ್ತೀರೋ ಅದು ಕಡಿಮೆಯಾದಷ್ಟೂ ಭುಜಕ್ಕೆ ಒಳ್ಳೆಯದು. ಟೈರಿಗೆ ಗಾಳಿ ಸರಿಯಾಗಿದೆಯಾ ನೋಡಿ, ಇದನ್ನು ಯಾಕೋ ಯಾರೂ ನೋಡುವುದೇ ಇಲ್ಲ.

ತಳ್ಳುವಾಗ ಎದೆ, ಭುಜದ ಮುಂಭಾಗ ದಿನವಿಡೀ ದುಡಿಯುತ್ತವೆ, ಹಿಂಭಾಗ ಸೋಮಾರಿಯಾಗುತ್ತದೆ. ಹಾಗಾಗಿ ಎಲಾಸ್ಟಿಕ್ ಬ್ಯಾಂಡನ್ನು ಎದೆ ಮಟ್ಟಕ್ಕೆ ಕಿಟಕಿ ಸರಳಿಗೆ ಕಟ್ಟಿ, ವೀಲ್‌ಚೇರ್ ಬ್ರೇಕ್ ಹಾಕಿ, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡೇ ಹಿಂದಕ್ಕೆ ಎಳೆಯಿರಿ. ಹೆಗಲಮೂಳೆ ಎರಡೂ ಹತ್ತಿರ ಬರಬೇಕು, ಭುಜ ಕಿವಿ ಕಡೆಗೆ ಏರಬಾರದು. ಎಳೆದಾಗ ನೋವು ಬಂದರೆ ತೆಳ್ಳಗಿನ ಬ್ಯಾಂಡ್ ತಗೊಳ್ಳಿ. ತಲೆ ಮೇಲೆ ಭಾರ ಎತ್ತುವುದು ಸದ್ಯಕ್ಕೆ ಬೇಡ. ರಾತ್ರಿ ನೋವಿಗೆ ಎಚ್ಚರ ಆಗುತ್ತಿದ್ದರೆ ಡಾಕ್ಟರಿಗೆ ಒಮ್ಮೆ ತೋರಿಸಿ, ತಡ ಮಾಡಬೇಡಿ.

ಪ್ರಶ್ನೆ: ವಾರಕ್ಕೆ 150 ನಿಮಿಷ ವ್ಯಾಯಾಮ ಮಾಡಬೇಕು ಅನ್ನುವುದು ನಮಗೂ ಇದೆಯಾ?

ಉತ್ತರ: ಇದೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಮೊದಲ ಸಲ ಅಂಗವೈಕಲ್ಯ ಇರುವವರನ್ನೂ ಸೇರಿಸಿ, ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಅಂತ ಹೇಳಿದೆ. ಆದರೆ ಅಷ್ಟು ಆಗದಿದ್ದರೂ ಆಗುವಷ್ಟು ಮಾಡುವುದು ಒಳ್ಳೆಯದು ಅಂತಲೂ ಅದರಲ್ಲೇ ಇದೆ. ಸೊನ್ನೆಯಲ್ಲಿದ್ದರೆ ದಿನಕ್ಕೆ 5 ನಿಮಿಷದಿಂದ ಶುರು ಮಾಡಿ.

ಪ್ರಶ್ನೆ: ಹೊಸ ಟ್ರೇನರ್ ಹತ್ತಿರ ಹೋಗುತ್ತಿದ್ದೇನೆ. ಅವರಿಗೆ ವಿಷಯ ಗೊತ್ತಿದೆಯಾ ಅಂತ ತಿಳಿಯುವುದು ಹೇಗೆ?

ಉತ್ತರ: ಮೊದಲ ದಿನ ಅವರು ಏನು ಕೇಳುತ್ತಾರೆ ಗಮನಿಸಿ. ಯಾವ ಮಾತ್ರೆ, ಎಲ್ಲಾದರೂ ಹುಣ್ಣು ಇದೆಯಾ, ಬೀಳುತ್ತೀರಾ, ಮೂತ್ರಕ್ಕೆ ಏನು ವ್ಯವಸ್ಥೆ ಅಂತ ಸಂಕೋಚ ಇಲ್ಲದೆ ಕೇಳಬೇಕು. ನಿಮಗೆ ಏನು ಮಾಡಲು ಆಗಬೇಕು ಅಂತಲೂ ಕೇಳಬೇಕು. ಹಾಸಿಗೆಯಿಂದ ವೀಲ್‌ಚೇರಿಗೆ ಒಬ್ಬರೇ ಜರುಗಬೇಕು ಅಂದರೆ ಒಂದು ಥರ ವ್ಯಾಯಾಮ, ಮಗುವನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಳ್ಳಬೇಕು ಅಂದರೆ ಇನ್ನೊಂದು ಥರ. ಇದ್ಯಾವುದನ್ನೂ ಕೇಳದೆ ನಿಮ್ಮ ಜೊತೆ ಬಂದವರ ಮುಖ ನೋಡಿ "ಇವರಿಗೆ ಏನು ಪ್ರಾಬ್ಲಮ್?" ಅಂದರೆ, ದುಡ್ಡು ಕಟ್ಟುವ ಮೊದಲೇ ಬೇರೆಯವರನ್ನು ನೋಡಿಕೊಳ್ಳಿ.