ವರ್ಷಗಟ್ಟಲೆ ಬಾಕ್ಸಿಂಗ್ ಆಡಿದರೆ ಬೇಗ ಮುಪ್ಪು ಬರುತ್ತದಾ? ಬಳ್ಳಾರಿಯ ನರರೋಗ ವೈದ್ಯರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಸಿರುಗುಪ್ಪದಿಂದ): ಡಾಕ್ಟರ್ ಸರ್, ನಮಸ್ಕಾರ. ನನ್ನ ತಮ್ಮನಿಗೆ 22 ವರ್ಷ. ಹೈಸ್ಕೂಲಿನಿಂದ ಬಾಕ್ಸಿಂಗ್ ಮಾಡುತ್ತಾನೆ. 2021ರಲ್ಲಿ ನಮ್ಮ ಜಿಲ್ಲೆಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಪುರುಷರ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯಿತಲ್ವಾ, ಆಗಿನಿಂದ ಅವನಿಗೆ ಬೇರೆ ಯಾವುದೂ ತಲೆಗೆ ಹೋಗುತ್ತಿಲ್ಲ. ಒಲಿಂಪಿಕ್ಸ್ ಪದಕ ಗೆದ್ದ ಬಾಕ್ಸರ್ ವಿಜೇಂದರ್ ಸಿಂಗ್ 2015ರಲ್ಲಿ ಪ್ರೊಫೆಷನಲ್, ಅಂದರೆ ದುಡ್ಡಿಗೆ ಆಡುವ ಬಾಕ್ಸರ್ ಆದ ಹಾಗೆ ನಾನೂ ಆಗುತ್ತೇನೆ ಅನ್ನುತ್ತಾನೆ. ಅವ್ವ ಒಪ್ಪುತ್ತಿಲ್ಲ. ಹತ್ತು ಹದಿನೈದು ವರ್ಷ ಗುದ್ದು ತಿಂದವರು 40ಕ್ಕೇ ಮುದುಕರಾಗುತ್ತಾರೆ ಅಂತ ಯಾರೋ ಹೇಳಿದ್ದಾರಂತೆ. ನಿಜಾನಾ ಸರ್?

ಉತ್ತರ: ನಿಮ್ಮ ಅವ್ವನ ಹೆದರಿಕೆಯಲ್ಲಿ ಸತ್ಯ ಇದೆ. ಆದರೆ ಮುಪ್ಪು ಬೇಗ ಬರುವುದು ಇಡೀ ಮೈಗೆ ಅಲ್ಲ, ಮಿದುಳಿಗೆ.

ಮೈ ವಿಷಯಕ್ಕೆ ಬಂದರೆ ಅಮೆರಿಕದ ಬಾಕ್ಸರ್ ಜಾರ್ಜ್ ಫೋರ್‌ಮನ್ 1994ರಲ್ಲಿ 45ನೇ ವಯಸ್ಸಿಗೆ ಹೆವಿವೇಟ್ ಪಟ್ಟ ಗೆದ್ದರು. ಅಲ್ಲಿಯವರೇ ಆದ ಬರ್ನಾರ್ಡ್ ಹಾಪ್ಕಿನ್ಸ್ 2011ರಲ್ಲಿ 46ನೇ ವಯಸ್ಸಿಗೆ ವಿಶ್ವ ಪಟ್ಟ ಗೆದ್ದರು. ಹೃದಯ, ಉಸಿರು, ಸ್ನಾಯು ಚೆನ್ನಾಗಿ ನೋಡಿಕೊಂಡರೆ ಆ ವಯಸ್ಸಿಗೂ ಕೈ ಕೊಡುವುದಿಲ್ಲ. ಬೆರಳಿನ ಗಿಣ್ಣು, ಮಣಿಕಟ್ಟು ಸವೆಯುತ್ತವೆ. ಕಣ್ಣಿನ ಹಿಂದಿನ ಪರದೆ ಕೀಳುವ ಭಯವೂ ಇದೆ. ಷುಗರ್ ರೇ ಲಿಯೊನಾರ್ಡ್ ಅನ್ನುವ ಬಾಕ್ಸರ್‌ಗೆ 1982ರಲ್ಲಿ ಅದಕ್ಕೇ ಆಪರೇಷನ್ ಆಯಿತು.

ಮಿದುಳಿನ ಲೆಕ್ಕ ಬೇರೆ. ಅದು ಗಟ್ಟಿ ಮೊಸರಿನಷ್ಟು ಮೆತ್ತಗೆ, ತಲೆಬುರುಡೆಯೊಳಗೆ ನೀರಿನಂಥ ದ್ರವದಲ್ಲಿ ತೇಲುತ್ತಿರುತ್ತದೆ. ದವಡೆಗೆ ಪಕ್ಕದಿಂದ ಬೀಸಿದ ಗುದ್ದು (ಹುಕ್) ಬಿದ್ದರೆ ತಲೆ ಗಕ್ಕನೆ ತಿರುಗುತ್ತದೆ. ಮಿದುಳು ಅದರ ಹಿಂದೆ ಒಂದು ಕ್ಷಣ ತಡವಾಗಿ ತಿರುಗುತ್ತದೆ. ಆ ಎಳೆತಕ್ಕೆ ಒಳಗಿನ ಉದ್ದನೆಯ ನರದ ಎಳೆಗಳು ಜಗ್ಗುತ್ತವೆ, ಕೆಲವು ಹರಿಯುತ್ತವೆ. ಪ್ರಜ್ಞೆ ತಪ್ಪಲೇಬೇಕು ಅಂತೇನಿಲ್ಲ. ಸಣ್ಣ ಗುದ್ದುಗಳೂ ವರ್ಷಗಟ್ಟಲೆ ಬಿದ್ದರೆ ಕೆಲವರ ಮಿದುಳಿನ ಮಡಿಕೆಗಳ ಆಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತ, ಟಾವ್ ಅನ್ನುವ ಪ್ರೋಟೀನ್ ಗಂಟು ಕಟ್ಟುತ್ತಾ ಹೋಗುತ್ತದೆ. ಇದಕ್ಕೆ ಈಗ ಸಿಟಿಇ (ಕ್ರಾನಿಕ್ ಟ್ರಾಮ್ಯಾಟಿಕ್ ಎನ್ಸೆಫಲೋಪತಿ) ಅನ್ನುತ್ತಾರೆ.

ಬಾಕ್ಸರ್‌ಗಳಲ್ಲಿ ಈ ತೊಂದರೆಯನ್ನು ಅಮೆರಿಕದ ಡಾ. ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ಬರೆದಿಟ್ಟರು. ಮಾತು ತೊದಲುವುದು, ಕೈ ನಡುಗುವುದು, ಕಾಲು ಎಳೆಯುವುದು, ನೆನಪು ಕೆಡುವುದು. 1969ರಲ್ಲಿ ಬ್ರಿಟನ್‌ನ ರಾಬರ್ಟ್ಸ್ ಅನ್ನುವ ವೈದ್ಯರು 224 ನಿವೃತ್ತ ಪ್ರೊಫೆಷನಲ್‌ಗಳನ್ನು ಪರೀಕ್ಷೆ ಮಾಡಿದರು. ಅವರಲ್ಲಿ ನೂರಕ್ಕೆ 17 ಜನರಿಗೆ ಬಾಕ್ಸಿಂಗ್‌ನಿಂದಲೇ ಆದ ನರದ ಹಾನಿ ಕಂಡಿತು. ಜಾಸ್ತಿ ವರ್ಷ, ಜಾಸ್ತಿ ಪಂದ್ಯ ಆಡಿದವರಲ್ಲಿ ಅದು ಹೆಚ್ಚಿತ್ತು. ಅಂದರೆ ಎಲ್ಲರಿಗೂ ಆಗುವುದಿಲ್ಲ. ಆದರೆ ಆರಕ್ಕೆ ಒಬ್ಬರು ಅನ್ನುವುದು ಸಣ್ಣ ಮಾತಲ್ಲ. ಅವರು ಆಡಿದ ಕಾಲದಲ್ಲಿ ಪಂದ್ಯಗಳೂ ಜಾಸ್ತಿ, ವೈದ್ಯರ ಕಾವಲೂ ಕಡಿಮೆ, ಅದನ್ನೂ ನೆನಪಿಡಬೇಕು.

ಪ್ರಶ್ನೆ (ಹೊಸಪೇಟೆಯಿಂದ): ಅಮೆರಿಕದ ಹಳೆಯ ಬಾಕ್ಸರ್ ಜೇಕ್ ಲಮೋಟಾ ನೂರಕ್ಕೂ ಜಾಸ್ತಿ ಪಂದ್ಯ ಆಡಿ, ಮುಖ ಕೊಟ್ಟು ಗುದ್ದು ತಿಂದು, 95 ವರ್ಷ ಬದುಕಿದರಲ್ಲ ಸರ್?

ಉತ್ತರ: ಬದುಕಿದರು. ಅವರ ಜೊತೆ ಆರು ಸಲ ಸೆಣಸಿದ ಷುಗರ್ ರೇ ರಾಬಿನ್ಸನ್ ಕಥೆಯನ್ನೂ ಪಕ್ಕದಲ್ಲಿ ಇಟ್ಟು ನೋಡಿ. ಬಹಳ ಜನ ರಾಬಿನ್ಸನ್ನರನ್ನೇ ಎಲ್ಲ ಕಾಲದ ಶ್ರೇಷ್ಠ ಬಾಕ್ಸರ್ ಅನ್ನುತ್ತಾರೆ. 1940ರಿಂದ 1965ರವರೆಗೆ ಆಡಿದರು. ಕೊನೆಗೆ ಮರೆವಿನ ಕಾಯಿಲೆ ಬಂದು 1989ರಲ್ಲಿ, 67ನೇ ವಯಸ್ಸಿಗೆ ಹೋದರು. ಜೆರ್ರಿ ಕ್ವಾರಿ ಅನ್ನುವ ಹೆವಿವೇಟ್ ಆಟಗಾರ 1999ರಲ್ಲಿ ತೀರಿಕೊಂಡಾಗ ಬರೀ 53. ಕೊನೆಯ ವರ್ಷಗಳಲ್ಲಿ ತನ್ನ ಬಟ್ಟೆ ತಾನು ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ಮೊಹಮ್ಮದ್ ಅಲಿ 1981ರಲ್ಲಿ ನಿಲ್ಲಿಸಿದರು, 1984ರಲ್ಲಿ 42ನೇ ವಯಸ್ಸಿಗೆ ಪಾರ್ಕಿನ್ಸನ್ (ಕೈಕಾಲು ನಡುಗುವ ನರದ ಕಾಯಿಲೆ) ಗೊತ್ತಾಯಿತು. ಅದಕ್ಕೆ ಬಾಕ್ಸಿಂಗೇ ಕಾರಣವಾ ಅನ್ನುವುದರಲ್ಲಿ ವೈದ್ಯರಲ್ಲೇ ಒಮ್ಮತ ಇಲ್ಲ. ಹಾಗಾಗಿ ಅಲಿಯವರನ್ನು ತೋರಿಸಿ ಯಾರನ್ನೂ ಹೆದರಿಸಬೇಡಿ.

ಒಬ್ಬರಿಗೆ ಆಗಿ ಇನ್ನೊಬ್ಬರಿಗೆ ಯಾಕೆ ಆಗುವುದಿಲ್ಲ ಅಂದರೆ, ಹುಟ್ಟಿನಿಂದ ಬಂದ ಜೀನ್ ಸ್ವಲ್ಪ ಕಾರಣ. ಉಳಿದದ್ದು ತಲೆಗೆ ಬಿದ್ದ ಗುದ್ದಿನ ಲೆಕ್ಕ. ಈ ಲೆಕ್ಕ ರಿಂಗಿನ ದಾಖಲೆಯಲ್ಲಿ ಸಿಗುವುದಿಲ್ಲ. ಪ್ರೊಫೆಷನಲ್ ಆದವನು ವರ್ಷಕ್ಕೆ ನಾಲ್ಕೈದು ಪಂದ್ಯ ಆಡಬಹುದು. ಆದರೆ ಒಂದೊಂದು ಪಂದ್ಯಕ್ಕೂ ಮೊದಲು ವಾರಗಟ್ಟಲೆ ಸ್ಪಾರಿಂಗ್, ಅಂದರೆ ಜೊತೆಗಾರನ ಎದುರು ಅಭ್ಯಾಸದ ಕಾಳಗ ಮಾಡುತ್ತಾನೆ. ಅಲ್ಲಿ ರೆಫರಿ ಇಲ್ಲ, ಡಾಕ್ಟರ್ ಇಲ್ಲ, ಎಣಿಸುವವರೂ ಇಲ್ಲ. ಎಷ್ಟು ವರ್ಷ ಆಡಿದ ಅಂತ ಎಲ್ಲರೂ ಕೇಳುತ್ತಾರೆ. ನಾನು ಕೇಳುವುದು ಸ್ಪಾರಿಂಗ್ ಎಷ್ಟು, ಎಷ್ಟು ಜೋರು ಅಂತ.

ಪ್ರಶ್ನೆ (ಕೊಪ್ಪಳದಿಂದ): ನನ್ನ ಮಗಳಿಗೆ 14 ವರ್ಷ, ಬಾಕ್ಸಿಂಗ್ ಕಲಿಯುತ್ತಿದ್ದಾಳೆ. ಹೆಡ್‌ಗಾರ್ಡ್ ಹಾಕಿಸುತ್ತಾರೆ. ಹಾಗಿದ್ದರೆ ಚಿಂತೆ ಇಲ್ಲ ಅಲ್ವಾ ಸರ್?

ಉತ್ತರ: ಅಕ್ಕಾ, ಹೆಡ್‌ಗಾರ್ಡ್ ಹಾಕಲೇಬೇಕು. ಆದರೆ ಅದು ಕಾಯುವುದು ಹುಬ್ಬು ಒಡೆಯುವುದನ್ನು, ತಲೆ ಬುರುಡೆ ರಿಂಗಿನ ನೆಲಕ್ಕೆ ಬಡಿಯುವುದನ್ನು. ತಲೆ ತಿರುಗಿದಾಗ ಒಳಗೆ ಮಿದುಳು ತಿರುಗುವುದನ್ನು ಅದು ತಡೆಯುವುದಿಲ್ಲ. ದೊಡ್ಡ ಗಂಡಸರ ಅಮೆಚೂರ್ (ಪ್ರೊಫೆಷನಲ್ ಅಲ್ಲದ) ಪಂದ್ಯಗಳಲ್ಲಿ 2013ರಿಂದ ಅದನ್ನು ತೆಗೆದೇಬಿಟ್ಟರು. ಮಕ್ಕಳಿಗೆ ಹಾಗೆ ಬೇಡ.

ಹುಡುಗಿಯನ್ನು ಬಿಡಿಸಬೇಡಿ. ಅಮೆಚೂರ್‌ನಲ್ಲಿ ಮೂರು ರೌಂಡು, ಪ್ರೊಫೆಷನಲ್‌ನಲ್ಲಿ 12ರವರೆಗೆ, ಅಪಾಯದಲ್ಲಿ ತುಂಬಾ ವ್ಯತ್ಯಾಸ ಇದೆ. ಮೊದಲು 15 ರೌಂಡ್ ಇತ್ತು. 1982ರಲ್ಲಿ ಕೊರಿಯಾದ ಕಿಮ್ ಡುಕ್-ಕೂ 14ನೇ ರೌಂಡಿನಲ್ಲಿ ಬಿದ್ದು ತೀರಿಕೊಂಡ ಮೇಲೆ ಕಡಿಮೆ ಮಾಡಿದರು. ಕೋಚ್ ಹತ್ತಿರ ಹೋಗಿ ಕೂತು ಕೇಳಿ: ವಾರಕ್ಕೆ ಎಷ್ಟು ದಿನ ತಲೆಗೆ ಗುದ್ದು ಬೀಳುವ ಸ್ಪಾರಿಂಗ್? ಈ ವಯಸ್ಸಿನಲ್ಲಿ ಬ್ಯಾಗು, ಪ್ಯಾಡು, ಕಾಲಿನ ಚಲನೆಯೇ ಮುಖ್ಯ ಆಗಬೇಕು. ತಲೆನೋವು ಅಂತ ಬಂದ ಹುಡುಗಿಗೆ ಮಾತ್ರೆ ಕೊಟ್ಟು ಮತ್ತೆ ರಿಂಗಿಗೆ ಹತ್ತಿಸುವ ಕಡೆ ಒಂದು ದಿನವೂ ಬಿಡಬೇಡಿ.

ಪ್ರಶ್ನೆ (ರಾಯಚೂರಿನಿಂದ): ನಾನು ನೌಕರಿಯಲ್ಲಿದ್ದಾಗ ಬಹಳ ವರ್ಷ ಬಾಕ್ಸಿಂಗ್ ಆಡಿದವನು. ಈಗ 51. ಇಟ್ಟ ವಸ್ತು ಮರೆಯುತ್ತೇನೆ, ಸುಮ್ಸುಮ್ನೆ ಸಿಟ್ಟು ಬರುತ್ತದೆ. ನನಗೂ ಇದೇ ಬಂದಿದೆಯಾ?

ಉತ್ತರ: ಅಣ್ಣಾ, ಹಾಗಂತ ನೀವೇ ತೀರ್ಮಾನ ಮಾಡಿಕೊಳ್ಳಬೇಡಿ. ಸಿಟಿಇ ಇದೆ ಅಂತ ಖಚಿತವಾಗಿ ಹೇಳುವುದು ಸತ್ತ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಾತ್ರ. ಮರೆವು, ಸಿಟ್ಟು ತರುವ, ವಾಸಿಯಾಗುವ ಕಾರಣಗಳು ಎಷ್ಟೋ ಇವೆ. ಬಿ12 ಕೊರತೆ, ಥೈರಾಯ್ಡ್, ನಿದ್ದೆಯಲ್ಲಿ ಉಸಿರು ಕಟ್ಟುವುದು, ಕುಡಿತ, ಖಿನ್ನತೆ. ತಲೆಗೆ ಏಟು ಬಿದ್ದವರಲ್ಲಿ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನು ಕಡಿಮೆಯಾಗಿರುವುದೂ ಉಂಟು. ಇದನ್ನು ಬಹಳ ಕಡೆ ನೋಡುವುದೇ ಇಲ್ಲ, ನೀವೇ ಬಾಯಿಬಿಟ್ಟು ಕೇಳಿ.

ನರರೋಗ ವೈದ್ಯರ ಹತ್ತಿರ ಹೋಗುವಾಗ ಮನೆಯವರನ್ನು ಕರೆದುಕೊಂಡು ಹೋಗಿ. ನನ್ನ ಹತ್ತಿರ ಬರುವವರಿಗೆ ಐದಾರು ವರ್ಷದ ಹಿಂದಿನ ವಾಟ್ಸಾಪ್ ವಾಯ್ಸ್ ಮೆಸೇಜ್, ಮದುವೆ ವಿಡಿಯೋ ಏನಿದ್ದರೂ ತನ್ನಿ ಅನ್ನುತ್ತೇನೆ. ಹಳೆಯ ದನಿ ಕೇಳಿ, ಈಗ ಅದೇ ಮಾತು ಆಡಿಸುತ್ತೇನೆ. ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಹೆಬ್ಬೆರಳು ತಾಗಿಸಿ ಗೆರೆ ಮೇಲೆ ನಡೆಸುತ್ತೇನೆ. ಮಾತು ನಿಧಾನ ಆಗಿದ್ದು, ಪಾದ ಪಕ್ಕಕ್ಕೆ ಹೋಗುವುದು ಅಲ್ಲೇ ಗೊತ್ತಾಗುತ್ತದೆ. ಸ್ಕ್ಯಾನ್ ಆಮೇಲೆ. ಬದುಕೇ ಬೇಡ ಅನ್ನಿಸಿದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ (ಸಿರುಗುಪ್ಪದಿಂದ): ಸರ್, ಕೊನೆಗೆ ತಮ್ಮನಿಗೆ ಏನು ಹೇಳಲಿ? ಬೇಡ ಅಂದರೆ ಮನೆ ಬಿಟ್ಟು ಹೋಗುತ್ತಾನೆ.

ಉತ್ತರ: ನನ್ನ ಮಗನಾಗಿದ್ದರೆ ಅಮೆಚೂರ್‌ನಲ್ಲೇ ಉಳಿ ಅನ್ನುತ್ತಿದ್ದೆ. ಕೇಳದಿದ್ದರೆ ಷರತ್ತು ಹಾಕಿ. ಮೊದಲ ಪ್ರೊಫೆಷನಲ್ ಪಂದ್ಯಕ್ಕೆ ಮುಂಚೆ ಮಿದುಳಿನ ಎಂಆರ್‌ಐ, ಕಣ್ಣಿನ ಪರೀಕ್ಷೆ, ನೆನಪಿನ ಪರೀಕ್ಷೆ ಮಾಡಿಸಿಡಿ. ಪ್ರತಿ ವರ್ಷ ಅದರ ಜೊತೆ ಹೋಲಿಸಬಹುದು. ನಾಕೌಟ್ ಆದರೆ ಕಡಿಮೆ ಅಂದರೂ 30 ದಿನ ಸ್ಪಾರಿಂಗ್ ಇಲ್ಲ, ಆಮೇಲೂ ಡಾಕ್ಟರ್ ಹೇಳಿದರೆ ಮಾತ್ರ. ತೂಕ ಇಳಿಸಲು ನೀರು ಬಿಟ್ಟು, ಬಿಸಿಲಲ್ಲಿ ಸ್ವೆಟ್‌ಸೂಟ್ ಹಾಕಿ ಓಡುವುದು ಪೂರ್ತಿ ಬಂದ್. ನಮ್ಮ ಬಳ್ಳಾರಿ ಬೇಸಿಗೆಯಲ್ಲಿ ಅದೊಂದೇ ಸಾಕು ಕಿಡ್ನಿ ಕೆಡಲು.

ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಈಗಲೇ ಬರೆದಿಡಿ. ಮೊದಲು ಸಲೀಸಾಗಿ ತಪ್ಪಿಸಿಕೊಳ್ಳುತ್ತಿದ್ದ ಜ್ಯಾಬ್‌ಗಳು (ನೇರವಾಗಿ ಚಾಚುವ ಗುದ್ದುಗಳು) ಒಂದರ ಹಿಂದೆ ಒಂದು ಮುಖಕ್ಕೆ ಬೀಳತೊಡಗಿದವು ಅಂದರೆ ಮಿದುಳು ತಡವಾಗುತ್ತಿದೆ ಅಂತ ಅರ್ಥ. ಅದು ಆಟಗಾರನಿಗೆ ಕೊನೆಗೆ ತಿಳಿಯುತ್ತದೆ, ಕೋಚ್‌ಗೆ ಮೊದಲು ತಿಳಿಯುತ್ತದೆ. ಪರೀಕ್ಷೆಗೆ ಬರುವಾಗ ಕೋಚನ್ನೂ ಜೊತೆಗೆ ಕರೆತನ್ನಿ, ಈ ಮಾತನ್ನು ಅವರ ಮುಂದೆಯೇ ಹೇಳುತ್ತೇನೆ.