ಮಾಣಿ ಒಲೆಯ ಮುಂದೆ ನಿಂತದ್ದು

"ಗುಜರಿ ಅಂಗಡಿಯಿಂದ ಮನೆಗೊಂದು ಸರ್ವರ್ ತಂದಿದ್ದೇನೆ" ಎಂದು ನಾನು ಬಾಯಿಬಿಟ್ಟದ್ದೇ ತಪ್ಪಾಯಿತು. ಉಡುಪಿಯ ರಥಬೀದಿಯ ಹಿಂದಿನ ಓಣಿಯ ಆ ಹೋಟೆಲಿನಲ್ಲಿ, ಆಗಷ್ಟೇ ಎಣ್ಣೆಯಿಂದ ಎದ್ದ ಗೋಳಿಬಜೆಯನ್ನು ಊದಿ ಊದಿ ತಣಿಸುತ್ತಿದ್ದ ಮಾಷ್ಟ್ರು ತಟ್ಟೆಯನ್ನು ಬದಿಗಿಟ್ಟು, "ಸರ್ವರ್ ಗುಜರಿಯಲ್ಲಿ ಸಿಗುತ್ತಾನೆಂದು ಇಲ್ಲಿಯ ಯಜಮಾನರಿಗೆ ಮೊದಲು ತಿಳಿಸಿ ಮಾರಾಯ್ರೆ. ಬಡಿಸಲು ಜನ ಸಿಗದೆ ಅವರು ಆರು ತಿಂಗಳಿಂದ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ ತಾವೇ ಸಾಂಬಾರಿನ ಬಕೆಟು ಹಿಡಿದು ಓಡಾಡುತ್ತಿದ್ದಾರೆ" ಎಂದರು. ಬಕೆಟು ಹಿಡಿದೇ ನಿಂತಿದ್ದ ಯಜಮಾನರು, ಎಷ್ಟಕ್ಕೆ ಸಿಕ್ಕಿತು ಎಂಬ ಮುಖಭಾವದಿಂದ ನನ್ನ ಕಡೆ ನೋಡಿದರು.

ನಾನು ಹೇಳಿದ್ದು ಮನೆಯವರ ಫೋಟೊ, ವಿಡಿಯೊಗಳನ್ನು ಇಟ್ಟುಕೊಂಡು ಕೇಳಿದಾಗ ಒದಗಿಸುವ ಕಂಪ್ಯೂಟರಿನ ವಿಷಯ. ಎರಡೂವರೆ ಸಾವಿರಕ್ಕೆ ಸಿಕ್ಕಿತ್ತು. ಮಂಗಳೂರಿನ ಬಂದರಿನ ಕಡೆಯ ಗುಜರಿಯಲ್ಲಿ, ಯಾವುದೋ ಕಚೇರಿ ಒಟ್ಟಾಗಿ ಮಾರಿದ ಕಪ್ಪು ಪೆಟ್ಟಿಗೆಗಳ ರಾಶಿಯಿಂದ ಒಂದನ್ನು ಆರಿಸಿಕೊಂಡು ಬಂದಿದ್ದೆ. ಡೆಲ್ ವೈಸ್ 5070 ಎಂಬುದು ಅದರ ಹೆಸರು. ಜಾತಿಯಿಂದ ಅದು ಥಿನ್ ಕ್ಲೈಂಟ್. ಮಾಷ್ಟ್ರು ಮೂವತ್ತೈದು ವರ್ಷ ಗಣಿತ ಕಲಿಸಿದವರಾದರೂ ಇಂಗ್ಲಿಷ್ ಪದಗಳನ್ನು ಬಿಡಿಸುವ ಚಟವನ್ನು ಬಿಟ್ಟವರಲ್ಲ. "ಕ್ಲೈಂಟ್ ಎಂದರೆ ಗಿರಾಕಿ, ಥಿನ್ ಎಂದರೆ ಬಡಕಲು. ಬಡಕಲು ಗಿರಾಕಿಯನ್ನು ಹಿಡಿದು ತಂದು ಸರ್ವರ್ ಮಾಡುವುದೆಂದರೆ, ಊಟಕ್ಕೆಂದು ಪಂಕ್ತಿಯಲ್ಲಿ ಕುಳಿತವನ ಕೈಗೆ ಸೌಟು ಕೊಟ್ಟ ಹಾಗಾಯಿತಲ್ಲ?" ಎಂದು ತೀರ್ಮಾನಿಸಿಯೇಬಿಟ್ಟರು.

ಹೋಲಿಕೆ ಸೊಗಸಾಗಿತ್ತು, ಆದರೆ ಸರಿಯಿರಲಿಲ್ಲ. ಆ ಪೆಟ್ಟಿಗೆಯನ್ನು ಗಿರಾಕಿಗಿಂತ ಹೋಟೆಲಿನ ಮಾಣಿಗೆ ಹೋಲಿಸುವುದು ನ್ಯಾಯವೆಂದು ನಾನು ವಾದಿಸಿದೆ. ಗಿರಾಕಿ ಒತ್ತಿದ ಕೀಲಿಯನ್ನು, ಆಡಿಸಿದ ಮೌಸನ್ನು ಮಾಣಿ ಹಾಗೆಯೇ ಒಳಗೆ ಕೂಗಿ ಹೇಳುತ್ತಾನೆ. ಅಡುಗೆಯೆಲ್ಲ ನಡೆಯುವುದು ಎಲ್ಲೋ ದೂರದ ದೊಡ್ಡ ಸರ್ವರಿನ ಒಲೆಯ ಮೇಲೆ. ತಯಾರಾದ ಪರದೆಯ ಚಿತ್ರವನ್ನು ಮಾತ್ರ ಮಾಣಿ ತಂದು ಎದುರಿಗೆ ಇಡುತ್ತಾನೆ. ಅವನಿಗೆ ದೋಸೆ ಹುಯ್ಯಲು ಬರುತ್ತದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಒಲೆಯ ಹತ್ತಿರ ಹೋಗಲು ಅವನಿಗೆ ಅಪ್ಪಣೆಯೇ ಇರುವುದಿಲ್ಲ.

"ಅಪ್ಪಣೆ ಮಾತ್ರವಲ್ಲ, ಅದಕ್ಕೆ ನೆನಪೂ ಇರಲಿಲ್ಲ" ಎಂದು ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರರು ಬನ್ಸ್ ಮುರಿಯುತ್ತ ಮಾತಿಗಿಳಿದರು. "ನಮ್ಮ ಶಾಖೆಯಲ್ಲಿ ಇಂಥ ಪೆಟ್ಟಿಗೆಗಳು ಹನ್ನೊಂದು ಇದ್ದವು. ನಾನು ಸಂಜೆ ಪರದೆಯ ಮೇಲೆ ಮೊಮ್ಮಗಳ ಚಿತ್ರ ಹಾಕಿ ಹೋದರೆ ಬೆಳಿಗ್ಗೆ ಮೊಮ್ಮಗಳು ಮಾಯ. ಮೂರು ದಿನ ಹಾಕಿದೆ, ನಾಲ್ಕನೆಯ ದಿನ ಹೆದರಿಕೆಯಾಗಿ ಬಿಟ್ಟೆ."

ಅದು ಪೆಟ್ಟಿಗೆಯ ದೋಷವಲ್ಲ. ಇಂಥ ಯಂತ್ರಗಳ ವಿಂಡೋಸಿನಲ್ಲಿ ರೈಟ್ ಫಿಲ್ಟರ್ ಎಂಬ ಏರ್ಪಾಡು ಇರುತ್ತದೆ. ಹಗಲಿಡೀ ಬರೆದದ್ದೆಲ್ಲ ತಾತ್ಕಾಲಿಕವಾಗಿ ಒಂದು ಪದರದ ಮೇಲೆ ಕುಳಿತಿದ್ದು, ಯಂತ್ರ ಮತ್ತೆ ಆರಂಭವಾದಾಗ ಆ ಪದರವೇ ಅಳಿಸಿಹೋಗಿ, ಕಚೇರಿಯವರು ಸಿದ್ಧಪಡಿಸಿಟ್ಟ ದಿನದ ಮುಗ್ಧತೆ ಮರಳುತ್ತದೆ. ಯಾರು ಏನೇ ಕೆಡಿಸಿದರೂ ಮರುದಿನಕ್ಕೆ ಎಲ್ಲವೂ ಸರಿಯಾಗಿರಬೇಕೆಂಬುದು ಕಚೇರಿಯವರ ಲೆಕ್ಕಾಚಾರ. ಇಷ್ಟನ್ನು ನಾನು ವಿವರಿಸಿ ಮುಗಿಸುವ ಮೊದಲೇ ಮಾಷ್ಟ್ರು, "ನಿಮ್ಮ ಬ್ಯಾಂಕಿನಲ್ಲಿ ಸಾಲ ಪಡೆದವರ ತಲೆಯಲ್ಲಿಯೂ ಅದೇ ಫಿಲ್ಟರ್ ಇತ್ತೆಂದು ಕಾಣುತ್ತದೆ" ಎಂದರು. ಮ್ಯಾನೇಜರರು ಅದನ್ನು ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಳ್ಳದಿರುವ ಅಭ್ಯಾಸ ಅವರಿಗೆ ಸೇವೆಯ ಕಾಲದಿಂದಲೂ ಉಂಟು.

ವೈಸ್ ಎಂಬ ಕಂಪನಿ 1981ರಲ್ಲಿ ಹುಟ್ಟಿ, ಸ್ವಂತ ಬುದ್ಧಿಯಿಲ್ಲದ ಟರ್ಮಿನಲ್ಲುಗಳಿಗೆ ಹೆಸರಾಗಿ, 2012ರಲ್ಲಿ ಡೆಲ್ ಪಾಲಾಯಿತು. ಆದರೆ ಕಾಲ ಸರಿದಂತೆ ಈ ಬುದ್ಧಿಯಿಲ್ಲದ ಪೆಟ್ಟಿಗೆಯ ಒಳಗೆ ಬುದ್ಧಿ ಸುಮ್ಮನೆ ಸೇರಿಕೊಳ್ಳುತ್ತ ಹೋದದ್ದನ್ನು ಕಚೇರಿಗಳು ಗಮನಿಸಲೇ ಇಲ್ಲ. ನನ್ನ ಪೆಟ್ಟಿಗೆಯಲ್ಲಿರುವುದು ಇಂಟೆಲ್ಲಿನ ಸೆಲೆರಾನ್ ಜೆ4105. ನಾಲ್ಕು ಕೋರು, 10 ವ್ಯಾಟಿನ ಚಿಪ್ಪು. ಫ್ಯಾನು ಇಲ್ಲದ ಕಾರಣ ಸದ್ದಿಲ್ಲ. ಸಮುದ್ರದ ಉಪ್ಪುಗಾಳಿಯನ್ನೂ ಹಂಚಿನ ಮನೆಯ ಧೂಳನ್ನೂ ಎಳೆದು ಒಳಗೆ ಹಾಕಿಕೊಳ್ಳುವ ಬಾಯಿಯೂ ಇಲ್ಲ. ಮಲ್ಪೆಯ ಗಾಳಿ ಕುಡಿದು ತುಕ್ಕು ಹಿಡಿದ ಕಂಪ್ಯೂಟರುಗಳನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ಹೊಟ್ಟೆಯಲ್ಲಿ ಇಷ್ಟೆಲ್ಲ ಇಟ್ಟುಕೊಂಡು ಅದು ಇನ್ನೊಬ್ಬರ ಪರದೆಯ ಚಿತ್ರ ಹೊರುತ್ತ ಕಾಲ ಕಳೆದಿತ್ತು.

"ಹಾಗಾದರೆ ಇದು ನಮ್ಮೂರಿನ ಕಥೆಯೇ ಆಯಿತು" ಎಂದು ಬಕೆಟು ಕೆಳಗಿಟ್ಟ ಯಜಮಾನರು ಕರೆಯದೆಯೇ ನಮ್ಮ ಮೇಜಿಗೆ ಸೇರಿಕೊಂಡರು. "ಕಡಂದಲೆಯ ಕೃಷ್ಣ ರಾಯರು ಮದರಾಸಿನ ಹೋಟೆಲಿನಲ್ಲಿ ಪಾತ್ರೆ ತೊಳೆಯುವುದರಿಂದ ತೊಡಗಿ, 1938ರಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಲಿಲ್ಲವೇ? ಮಾಣಿಗೆ ಒಲೆ ಕೊಟ್ಟರೆ ಅವನು ಹೋಟೆಲನ್ನೇ ಕಟ್ಟುತ್ತಾನೆ." ಆ ಬಳಿಕ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಮ್ಮ ಏಕೈಕ ಹುಡುಗನ ಕಡೆ ಸ್ವಲ್ಪ ಸಂಶಯದಿಂದ ನೋಡಿದರು.

ಒಲೆ ಹಚ್ಚುವುದು ಮಾತ್ರ ನಾನೆಣಿಸಿದಷ್ಟು ಸುಲಭವಾಗಿರಲಿಲ್ಲ. ಗುಜರಿಯವರು ಪೆಟ್ಟಿಗೆ ಕೊಟ್ಟರೇ ಹೊರತು ಅಡಾಪ್ಟರ್ ಕೊಡಲಿಲ್ಲ, 19.5 ವೋಲ್ಟಿನ ಡೆಲ್ ಅಡಾಪ್ಟರನ್ನು ಬೇರೆಯಾಗಿ ಹುಡುಕಬೇಕಾಯಿತು. ಬಳಿಕ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶವಾದ ಬಯೋಸ್ ಪಾಸ್‌ವರ್ಡ್ ಕೇಳಿತು. ವೈಸ್ ಯಂತ್ರಗಳಿಗೆ ಕಾರ್ಖಾನೆಯಲ್ಲಿ ಇಡುವ ಪಾಸ್‌ವರ್ಡ್ 'ಫೈರ್‌ಪೋರ್ಟ್' ಎಂದೂ, ಮೊದಲ ಅಕ್ಷರ ಮಾತ್ರ ದೊಡ್ಡದೆಂದೂ ಈ ಹವ್ಯಾಸದವರೆಲ್ಲರಿಗೂ ತಿಳಿದದ್ದೇ. ಹಿಂದಿನ ಕಚೇರಿಯವರು ಅದನ್ನು ಬದಲಾಯಿಸುವ ಶ್ರಮ ತೆಗೆದುಕೊಳ್ಳದಿದ್ದುದು ನನ್ನ ಪುಣ್ಯ. ಮ್ಯಾನೇಜರರು ಇಲ್ಲಿ ಬನ್ಸ್ ತಿನ್ನುವುದನ್ನು ಅರ್ಧಕ್ಕೇ ನಿಲ್ಲಿಸಿದರು. ಅವರ ಶಾಖೆಯಲ್ಲಿ ಬದಲಾಯಿಸಿದ್ದರೋ ಎಂದು ನಾವು ಕೇಳಲಿಲ್ಲ, ಅವರಾಗಿ ಹೇಳಲೂ ಇಲ್ಲ.

ನನ್ನ ಜೇಬಿಗೆ ಕತ್ತರಿ ಬಿದ್ದದ್ದು ದತ್ತಾಂಶ ಉಳಿಸಿಡುವ ಎಸ್‌ಎಸ್‌ಡಿಯ ವಿಷಯದಲ್ಲಿ. ಒಳಗೆ ಎಂ.2 ಕಿಂಡಿ ಇದೆಯೆಂದು ನೋಡಿ, ಉತ್ಸಾಹದಿಂದ ಎನ್‌ವಿಎಂಇ ಜಾತಿಯ ಎಸ್‌ಎಸ್‌ಡಿ ಕೊಂಡುತಂದೆ. ಆದರೆ ಈ ಪೆಟ್ಟಿಗೆಯ ಆ ಕಿಂಡಿಗೆ ಬರುವುದು ಸಾಟಾ ಭಾಷೆಯೊಂದೇ. "ಉಡುಪಿಯಲ್ಲಿ ಹುಟ್ಟಿದ್ದರೆ ತುಳು, ಕನ್ನಡ, ಕೊಂಕಣಿ, ಬ್ಯಾರಿ ನಾಲ್ಕೂ ಬರುತ್ತಿದ್ದವು" ಎಂದು ಮಾಷ್ಟ್ರು ಮರುಗಿದರು. ಎರಡನೆಯ ಸಲ ಸರಿಯಾದದ್ದನ್ನು ತಂದು, ವಿಂಡೋಸಿನ ಬದಲು ಡೆಬಿಯನ್ ಎಂಬ ಕಾರ್ಯಾಚರಣೆ ತಂತ್ರಾಂಶ ಹಾಕಿ, 8 ಜಿಬಿ ರ‍್ಯಾಮ್ ಸೇರಿಸಿದ ಮೇಲೆ ಮಾಣಿ ಅಡುಗೆಗೆ ನಿಂತನು. ಈಗ ಮನೆಯವರ ಫೋಟೊಗಳೆಲ್ಲ ಅವನ ಬಳಿ ಇಮ್ಮಿಚ್ ಎಂಬ ತಂತ್ರಾಂಶದಲ್ಲಿವೆ; ಮಾವನ ಹಳೆಯ ಯಕ್ಷಗಾನದ ವಿಡಿಯೊಗಳನ್ನು ಜೆಲ್ಲಿಫಿನ್ ಟಿವಿಗೆ ಬಡಿಸುತ್ತದೆ; ಪೈಹೋಲ್ ಜಾಹೀರಾತುಗಳ ವಿಳಾಸ ಕೇಳಿದವರಿಗೆ ಗೊತ್ತಿಲ್ಲವೆಂದು ಹೇಳಿ ಕಳುಹಿಸುತ್ತದೆ. ಯೂಟ್ಯೂಬಿನ ಜಾಹೀರಾತು ಮಾತ್ರ ನಿಲ್ಲುವುದಿಲ್ಲ, ಏಕೆಂದರೆ ಅದು ವಿಡಿಯೊ ಬರುವ ಬಾಗಿಲಿನಿಂದಲೇ ಬರುತ್ತದೆ. ಬಾಗಿಲು ಮುಚ್ಚಿದರೆ ಇಬ್ಬರೂ ಹೊರಗೆ. ಫೋಟೊಗಳಲ್ಲಿ ಮುಖಗಳನ್ನು ಗುರುತಿಸಲು ಮಾಣಿಗೆ ಎರಡು ರಾತ್ರಿ ಬೇಕಾಯಿತು. ಎಲ್ಲರನ್ನೂ ಸರಿಯಾಗಿ ಬೇರೆಮಾಡಿದ ಅವನು, ಬಣ್ಣದ ವೇಷದಲ್ಲಿರುವ ಮಾವನನ್ನು ಮಾತ್ರ ಮನುಷ್ಯನೆಂದೇ ಒಪ್ಪಲಿಲ್ಲ. ಅತ್ತೆ ಅದನ್ನು ಕೇಳಿ, ಯಂತ್ರಕ್ಕೆ ಬುದ್ಧಿಯಿದೆ ಎಂದರು.

"ಅದೆಲ್ಲ ಇರಲಿ, ಹಗಲಿರುಳು ಉರಿಯುವ ಒಲೆಗೆ ಕಟ್ಟಿಗೆ ಎಷ್ಟು?" ಎಂದು ಮಾಷ್ಟ್ರು ಜೇಬಿನಿಂದ ಪೆನ್ನು ತೆಗೆದು ಬಿಲ್ಲಿನ ಚೀಟಿಯನ್ನು ಮಗುಚಿದರು. ನನ್ನ ವ್ಯಾಟ್ ಮೀಟರು ಸಾಮಾನ್ಯ ಹೊತ್ತಿನಲ್ಲಿ 6 ತೋರಿಸುತ್ತದೆ ಎಂದೆ. 6 ವ್ಯಾಟನ್ನು 24 ಗಂಟೆಗೂ 30 ದಿನಕ್ಕೂ ಗುಣಿಸಿದರೆ ತಿಂಗಳಿಗೆ 4.32 ಯೂನಿಟ್. ಮನೆಯ ಅಟ್ಟದಲ್ಲಿರುವ ಹಳೆಯ ಡೆಸ್ಕ್‌ಟಾಪ್ ಸುಮ್ಮನೆ ಕೂತರೂ 60 ವ್ಯಾಟ್ ತಿನ್ನುತ್ತದೆ; ಅದನ್ನೇ ಸರ್ವರ್ ಮಾಡಿದ್ದರೆ ತಿಂಗಳಿಗೆ 43.2 ಆಗುತ್ತಿತ್ತು. ಇಷ್ಟರಲ್ಲಿ ಗೃಹಜ್ಯೋತಿಯ ಮಾತು ಬರದೆ ಇರುತ್ತದೆಯೇ? 2023ರ ಆ ಯೋಜನೆಯಲ್ಲಿ ನಮಗೆ ಉಚಿತವಾಗಿ ಸಿಗುವುದು 2022-23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇಕಡಾ 10. ನನ್ನ ಮನೆಯ ಸರಾಸರಿ 118. ಹತ್ತು ಶೇಕಡಾ ಎಂದರೆ 11.8. "ನಿಮ್ಮ ಮಾಣಿ ಸರಕಾರ ಕೊಟ್ಟ ಕೊಸರಿನೊಳಗೆ ಆರಾಮವಾಗಿ ಮಲಗಿ, ಪಕ್ಕದಲ್ಲಿ ಇನ್ನೊಬ್ಬನಿಗೂ ಜಾಗ ಬಿಟ್ಟಿದ್ದಾನೆ" ಎಂದು ಮಾಷ್ಟ್ರು ಗೆರೆ ಎಳೆದರು.

ಆ ಗೆರೆಯನ್ನು ನೋಡಿ ಮ್ಯಾನೇಜರರಿಗೂ ಆಸೆ ಹುಟ್ಟಿತು. ತಾವೂ ಒಂದನ್ನು ತಂದರೆ ಮೊಮ್ಮಗಳ ಚಿತ್ರ ಇನ್ನು ಮಾಯವಾಗದಲ್ಲ ಎಂದರು. ತಮ್ಮ ಮನೆಯಲ್ಲಿ ತಿಂಗಳಿಗೆ 198 ಯೂನಿಟ್ ಬರುತ್ತದೆಂದೂ, ಎರಡು ಯೂನಿಟ್ ಉಳಿತಾಯವಿರುವುದು ತಮ್ಮ ಆಡಳಿತದ ಸಾಮರ್ಥ್ಯವೆಂದೂ ಸೇರಿಸಿದರು. ಮಾಷ್ಟ್ರ ಪೆನ್ನು ಮತ್ತೆ ಓಡಿತು: 198ಕ್ಕೆ 4.32 ಸೇರಿದರೆ 202.32. 200 ದಾಟಿದರೆ ಹೆಚ್ಚಾದ ಎರಡು ಯೂನಿಟ್ಟಿಗಲ್ಲ, ಇಡೀ ಬಿಲ್ಲಿಗೇ ಹಣ ಕಟ್ಟಬೇಕು. ಎರಡೂವರೆ ಸಾವಿರದ ಮಾಣಿಗಾಗಿ ಪ್ರತಿ ತಿಂಗಳೂ ಅದರ ಅರ್ಧಕ್ಕಿಂತ ಹೆಚ್ಚು ಸಂಬಳ ಎಂದು ಲೆಕ್ಕ ಹೊರಬಿದ್ದಾಗ ಮ್ಯಾನೇಜರರು, ಚಿತ್ರವನ್ನು ಮುದ್ರಿಸಿ ಚೌಕಟ್ಟು ಹಾಕಿಸುವುದೇ ಭದ್ರವೆಂದರು.

ಹೊರಗಿನಿಂದ ಮನೆಯ ಸರ್ವರನ್ನು ತಲುಪುವ ತೊಡಕನ್ನು ನಾನು ಚುಟುಕಾಗಿ ಮುಗಿಸಿದೆ, ಏಕೆಂದರೆ ಗೋಳಿಬಜೆ ಆರುತ್ತಿತ್ತು. ಫೈಬರ್ ಕೊಡುವವರು ಎಷ್ಟೋ ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂಡಿಸಿರುತ್ತಾರೆ. ಹೊರಗಿನಿಂದ ಬಂದವನಿಗೆ ಗೇಟು ಕಾಣುತ್ತದೆಯೇ ಹೊರತು ನಮ್ಮ ಮನೆಯ ಬಾಗಿಲು ಕಾಣುವುದಿಲ್ಲ. ಟೇಲ್‌ಸ್ಕೇಲ್ ಎಂಬ ತಂತ್ರಾಂಶ ಹಾಕಿದರೆ ಮಾಣಿಯೇ ಒಳಗಿನಿಂದ ಹೊರಗೆ ಬಂದು ನನ್ನ ಫೋನಿನ ಕೈಹಿಡಿದು ಕರೆದುಕೊಂಡು ಹೋಗುತ್ತಾನೆ. ಇಷ್ಟು ಸಾಕು.

ಆವರೆಗೆ ಮಾತನಾಡದೆ ಚಹಾ ಕುಡಿಯುತ್ತಿದ್ದ ವಯರಿಂಗಿನ ಗೆಳೆಯ ಆಗ, "ಅಣ್ಣ, ಸಿಡಿಲಿಗೆ ಎಂಥ ಮಾಡಿದ್ದೀರಿ?" ಎಂದು ಒಂದೇ ಪ್ರಶ್ನೆ ಕೇಳಿದ. ಇಡೀ ಸಂಜೆಯಲ್ಲಿ ತೂಕದ ಪ್ರಶ್ನೆ ಅದೊಂದೇ ಆಗಿತ್ತು. ಘಟ್ಟದ ಕೆಳಗಿನ ನಮಗೆ ಮುಂಗಾರಿನ ಮೊದಲು ಒಮ್ಮೆ, ಅದು ಹೋಗುವಾಗ ಇನ್ನೊಮ್ಮೆ ಸಂಜೆಯ ಗುಡುಗು ತಪ್ಪಿದ್ದಲ್ಲ. ತಾಮ್ರದ ಟೆಲಿಫೋನ್ ತಂತಿಯ ಕಾಲದಲ್ಲಿ ಸಿಡಿಲು ಕಂಬದಿಂದಲೂ ಬರುತ್ತಿತ್ತು, ಫೋನಿನಿಂದಲೂ ಬರುತ್ತಿತ್ತು. ಈಗ ಗಾಜಿನ ಫೈಬರ್ ಬಂದ ಮೇಲೆ ಒಂದು ದಾರಿ ಮುಚ್ಚಿದರೂ ವಿದ್ಯುತ್ತಿನ ದಾರಿ ತೆರೆದೇ ಇದೆ. ಅರ್ತಿಂಗ್ ಸರಿಯಿಲ್ಲದ ಮನೆಯಲ್ಲಿ ಸರ್ಜ್ ಪ್ರೊಟೆಕ್ಟರ್ ಎಂಬುದು ಬರೀ ದುಬಾರಿ ಪ್ಲಗ್ ಎಂದು ಅವನು ಹೇಳಿದ. ಕರೆಂಟು ಹೋದಾಗ ದೀಪ ಸ್ವಲ್ಪ ಮಿಣುಕಿದರೆ ನಡೆಯುತ್ತದೆ, ಆದರೆ ಸರ್ವರಿಗೆ ಆ ಮಿಣುಕೂ ಆಗದು. ಇನ್ವರ್ಟರಿನ ಸ್ವಿಚ್ಚನ್ನು, ಮಿಣುಕದಂತೆ ಥಟ್ಟನೆ ಬದಲಾಗುವ ಯುಪಿಎಸ್ ಮೋಡ್‌ಗೆ ಹಾಕಿದ್ದೀರಾ ಎಂದೂ ಕೇಳಿದ. ನಾನು ಹಾಕಿರಲಿಲ್ಲ. ಅಂಥ ಸ್ವಿಚ್ಚಿದೆ ಎಂಬುದು ನನಗೆ ಗೊತ್ತಾದದ್ದೇ ಆ ಹೊತ್ತಿಗೆ.

ಆದರೆ ನಮ್ಮ ಮನೆಯಲ್ಲಿ ಇವೆಲ್ಲಕ್ಕಿಂತ ಮೇಲಿನ ರಕ್ಷಣೆಯೊಂದು ಇದೆ, ಅದು ಅಮ್ಮ. ಪಶ್ಚಿಮದಲ್ಲಿ ಒಂದು ಗುಡುಗು ಕೇಳಿಸಿದರೆ ಸಾಕು, ಅಮ್ಮ ಮೊದಲು ಟಿವಿಯ, ಬಳಿಕ ಫ್ರಿಜ್ಜಿನ, ಬಳಿಕ ಕಣ್ಣಿಗೆ ಬಿದ್ದ ಎಲ್ಲ ಪ್ಲಗ್ಗುಗಳನ್ನೂ ಕಿತ್ತುಹಾಕುತ್ತಾರೆ. ಫೋಟೊಗಳ ದತ್ತಾಂಶ ಬರೆಯುತ್ತಿರುವಾಗ ಹೀಗೆ ಕಿತ್ತರೆ ಏನಾಗಬಹುದೆಂದು ನಾನು ಒಂದು ವಾರ ಉಪನ್ಯಾಸ ಕೊಟ್ಟೆ. ಸಿಡಿಲು ಬಡಿದರೆ ಏನಾಗುತ್ತದೆಂದು ಅಮ್ಮ ಒಂದೇ ವಾಕ್ಯದಲ್ಲಿ ಹೇಳಿದರು. ಕೊನೆಗೆ ರಾಜಿಯಾಯಿತು. ಗುಡುಗಿದ ಕೂಡಲೇ ಪೆಟ್ಟಿಗೆಯ ಗುಂಡಿಯನ್ನು ಒಮ್ಮೆ ಒತ್ತುವುದು, ದೀಪ ಆರುವವರೆಗೆ ಕಾಯುವುದು, ಆಮೇಲೆ ಪ್ಲಗ್ ತೆಗೆಯುವುದು. ಮಳೆ ನಿಂತ ಮೇಲೆ ಪ್ಲಗ್ ಸಿಕ್ಕಿಸಿದರೆ ಸಾಕು. ಕರೆಂಟು ಬಂದೊಡನೆ ತಾನಾಗಿ ಏಳುವಂತೆ ಬಯೋಸಿನಲ್ಲಿ ನಾನು ಹೇಳಿಟ್ಟಿದ್ದೇನೆ.

"ಅಮ್ಮ ಕಾಯದೆ ಕಿತ್ತರೆ?" ಎಂದು ಮ್ಯಾನೇಜರರು ಕೇಳಿದರು. ಅದಕ್ಕೆ ಬ್ಯಾಕಪ್ಪಿದೆ ಎಂದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ ಎಂಬುದು ಈ ವಿದ್ಯೆಯ ಹಳೆಯ ಸೂತ್ರ. ಅಮ್ಮನಿಗೆ ಇದನ್ನು ವಿವರಿಸಲು ನಾನು ಕಷ್ಟಪಡಲಿಲ್ಲ. ಮಿಡಿ ಉಪ್ಪಿನಕಾಯಿಯನ್ನು ಒಂದು ಭರಣಿಯಲ್ಲಿ, ಒಂದು ಗಾಜಿನ ಬಾಟಲಿಯಲ್ಲಿ ಮನೆಯಲ್ಲಿಟ್ಟು, ಮೂರನೆಯದನ್ನು ಬೆಂಗಳೂರಿನ ತಂಗಿಯ ಮನೆಗೆ ಕಳುಹಿಸುವುದನ್ನು ಅವರು ನಾನು ಹುಟ್ಟುವ ಮೊದಲಿನಿಂದಲೂ ಮಾಡುತ್ತಿದ್ದಾರೆ. ಈಗ ಉಪ್ಪಿನಕಾಯಿಯ ಜತೆಗೆ ಒಂದು ಹಾರ್ಡ್‌ಡಿಸ್ಕೂ ಹೋಗುತ್ತದೆ. ಎಣ್ಣೆ ತಾಗದಂತೆ ಬೇರೆ ಚೀಲದಲ್ಲಿಡಬೇಕು, ಅಷ್ಟೇ.

ಮಾತಿಗೆ ಸಾಕ್ಷಿ ಬೇಕೆಂದು ಮಾಷ್ಟ್ರು ಪಟ್ಟುಹಿಡಿದದ್ದರಿಂದ, ನಾನು ಫೋನು ತೆಗೆದು, ಕಳೆದ ವರ್ಷ ನಾವು ನಾಲ್ವರೂ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದಾಗಿನ ಚಿತ್ರಗಳನ್ನು ಮನೆಯ ಮಾಣಿಯಿಂದ ತರಿಸಲು ಹೊರಟೆ. ಮೊದಲ ಚಿತ್ರ ಬಂತು. ಷಟ್ಕೋನದ ಕಲ್ಲುಕಂಬದ ಮೇಲೆ ಮ್ಯಾನೇಜರರು ನಿಂತಿದ್ದರು. ಎರಡನೆಯದು ಬಂತು; ಅದರಲ್ಲಿ ಮ್ಯಾನೇಜರರು ನಿಂತಿರಲಿಲ್ಲ, ಜಾರುತ್ತಿದ್ದರು. ಮೂರನೆಯದಕ್ಕೆ ಎಲ್ಲರೂ ಕುತ್ತಿಗೆ ಚಾಚಿರುವಾಗ ಮಲ್ಪೆಯ ದಿಕ್ಕಿನಿಂದ ಗುಡುಗೊಂದು ಉರುಳಿಬಂತು, ಪರದೆಯ ಮೇಲೆ ಚಕ್ರ ತಿರುಗತೊಡಗಿತು, ತಿರುಗುತ್ತಲೇ ಉಳಿಯಿತು.

ಮೂರನೆಯ ಚಿತ್ರ ಬಾರದೆ ಹೋದುದಕ್ಕೆ ಮ್ಯಾನೇಜರರು ಉಸಿರುಬಿಟ್ಟರು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅಮ್ಮ. "ನಿನ್ನ ಮಾಣಿಯನ್ನು ಮಲಗಿಸಿದ್ದೇನೆ, ದೀಪ ಆರಿದ ಮೇಲೆಯೇ ತೆಗೆದದ್ದು. ಒಣಗಲು ಹಾಕಿದ ಬಟ್ಟೆ ಒಳಗೆ ತಂದಾಯಿತು. ಬರುವಾಗ ಎರಡು ತೆಂಗಿನಕಾಯಿ ತಾ" ಎಂದು ಹೇಳಿ, ಫೋನಿಗೂ ಸಿಡಿಲು ಬಡಿಯುತ್ತದೆಂದು ಕೂಡಲೇ ಇಟ್ಟರು.